ಬಿಸಿಲು ಕಾಯುವುದರಿಂದ ಶಕ್ತಿ ಬರುವುದೇ?

ಕಳೆದ ಸಂಕ್ರಾಂತಿಯ ಬಿಡುವಿನಲ್ಲಿ ನಾನು ನಮ್ಮೂರಾದ ಶಿರಗುಪ್ಪಿಗೆ ಹೋಗಿದ್ದೆನು. ಬೆಳಗಿನ ಎಂಟು ಗಂಟೆಯ ಹೊತ್ತು. ನಮ್ಮ ದೊಡ್ಡಪ್ಪನವರು ಕಂಬಳಿ ಹೊದ್ದುಕೊಂಡು ಮನೆಯ ಮುಂದಿನ ಕಟ್ಟೆಯ ಮೇಲೆ ಮೂಡಣಕ್ಕೆ ಮುಖಮಾಡಿ ಕುಳಿತಿದ್ದರು. ಅವರಿಗೆ ಕ್ಷಯವಿದೆಯೆಂಬುದು ಎರಡು ತಿಂಗಳ ಹಿಂದೆಯಷ್ಟೆ ಗೊತ್ತಾಗಿತ್ತು. ಸರಕಾರದ ಆರೋಗ್ಯ ಕೇಂದ್ರದವರು ಕೊಟ್ಟ ಗುಳಿಗೆಗಳನ್ನು ನುಂಗಿ ಕೆಮ್ಮು ಇಳಿದಿತ್ತು, ಮೈಗೆ ತುಸು ಕಳೆಯೂ ಬಂದಿತ್ತು. ಗುಳಿಗೆ ತಪ್ಪದೆ ನಡೆದಿದೆಯೇ ಎಂದು ಕೇಳಿದೆ. ಅವರು ನಕ್ಕು ಸೂರ್ಯನ ಕಡೆಗೆ ಕೈ ತೋರಿಸಿದರು.

“ಬಿಸಲಾಗ ಕುಂತ್ರ ರೋಗದ ಜೋಡಿ ಹೊಡೆದಾಡೋ ಶಕ್ತಿ ತಾನಾಗೇ ಬರ್ತದಂತ, ತಮ್ಮಾ. ನಿಮ್ಮ ಸಾಯಿನ್ಸಿನವರ ಹೇಳ್ಯಾರಂತ. ಮತ್ತ ಗುಳಿಗಿ ಯಾಕ?”

ಮೊಮ್ಮಗನ ಫೋನಿಗೆ ಯಾರೋ ಕಳಿಸಿದ ಬರಹವೊಂದನ್ನು ಮನೆಯವರು ಓದಿ ಹೇಳಿದ್ದರಂತೆ. ಹತ್ತು ದಿನಗಳಿಂದ ಗುಳಿಗೆ ನಿಂತಿತ್ತು. ನಾನು ವೈದ್ಯನಲ್ಲ, ಭೌತಶಾಸ್ತ್ರ ಕಲಿಸುವವನು. ಆದರೆ ಬಿಸಿಲು ಭೌತಶಾಸ್ತ್ರದ ವಿಷಯವೇ ಆಗಿರುವುದರಿಂದಲೂ, ‘ಸಾಯಿನ್ಸಿನವರು’ ಎಂಬ ಮಾತಿನಲ್ಲಿ ನನ್ನನ್ನೂ ಸೇರಿಸಿದ್ದರಿಂದಲೂ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ಬಿಸಿಲಿಗೂ ದೇಹದ ರೋಗನಿರೋಧಕ ವ್ಯವಸ್ಥೆಗೂ ಸಂಬಂಧವಿರುವುದು ನಿಜ. ಆದರೆ ಆ ಸಂಬಂಧವನ್ನು ‘ಶಕ್ತಿ ಹೆಚ್ಚುತ್ತದೆ’ ಎಂಬ ಎರಡು ಪದಗಳಲ್ಲಿ ಹೇಳಿದರೆ ಅದು ಅರ್ಧ ಸತ್ಯಕ್ಕಿಂತಲೂ ಕಡಿಮೆಯಾಗುತ್ತದೆ. ನಿರೋಧಕ ಶಕ್ತಿಯು ಹಗೇವಿನೊಳಗಿನ ಜೋಳವಲ್ಲ, ಇಷ್ಟು ಚೀಲ ಸುರಿದರೆ ಇಷ್ಟು ಮೇಲೇರಿತು ಎನ್ನುವುದಕ್ಕೆ. ಅದು ಕಾವಲುಗಾರರ ಪಡೆ. ಕಳ್ಳನನ್ನು ಹಿಡಿಯುವುದು ಎಷ್ಟು ಮುಖ್ಯವೋ ಮನೆಯವರನ್ನೇ ಕಳ್ಳರೆಂದು ಹೊಡೆಯದಿರುವುದೂ ಅಷ್ಟೇ ಮುಖ್ಯ. ಈ ಪಡೆ ಮಿತಿಮೀರಿ ಉಗ್ರವಾದುದರಿಂದಲೇ ತೊನ್ನು, ಸೋರಿಯಾಸಿಸ್, ಕೀಲುಗಳನ್ನು ತಿನ್ನುವ ಕೆಲವು ಬಗೆಯ ಸಂಧಿವಾತ ಮುಂತಾದವು ಉಂಟಾಗುತ್ತವೆ. ‘ಹೆಚ್ಚುವುದು’ ಒಳ್ಳೆಯದೆಂದೂ ‘ಕುಗ್ಗುವುದು’ ಕೆಟ್ಟದ್ದೆಂದೂ ಭಾವಿಸುವುದು ಇಲ್ಲಿ ನಡೆಯದು. ನಮ್ಮ ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿ, ಬಿಸಿಲಿನ ನೇರಳಾತೀತ ಕಿರಣಗಳು ಚರ್ಮದಲ್ಲಿ ಈ ಪಡೆಯನ್ನು ಬಹುಮಟ್ಟಿಗೆ ತಣ್ಣಗಾಗಿಸುತ್ತವೆಯೇ ಹೊರತು ಹುರಿದುಂಬಿಸುವುದಿಲ್ಲ.

ಮೊದಲು ಈ ಕಿರಣಗಳ ಪರಿಚಯವನ್ನು ಮಾಡಿಕೊಳ್ಳೋಣ. 1801ರಲ್ಲಿ ಜರ್ಮನಿಯ ರಿಟರ್ ಎಂಬಾತನು ಪಟ್ಟಕದಿಂದ ಬಿಡಿಸಿದ ಸೂರ್ಯನ ಬೆಳಕಿನಲ್ಲಿ ನೇರಳೆ ಬಣ್ಣದಾಚೆಗೆ, ಕಣ್ಣಿಗೆ ಏನೂ ಕಾಣದ ಎಡೆಯಲ್ಲಿ, ಬೆಳ್ಳಿಯ ಲವಣವು ಎಲ್ಲಕ್ಕಿಂತ ಬೇಗ ಕಪ್ಪಾಗುವುದನ್ನು ಕಂಡನು. ಆ ಕಾಣದ ಬೆಳಕೇ ನೇರಳಾತೀತ. ಅದನ್ನು ಈಗ ಮೂರಾಗಿ ವಿಂಗಡಿಸುತ್ತಾರೆ. ತರಂಗಾಂತರವು 315ರಿಂದ 400 ನ್ಯಾನೊಮೀಟರ್ ಇದ್ದರೆ ‘ಎ’, 280ರಿಂದ 315 ಇದ್ದರೆ ‘ಬಿ’, ಅದಕ್ಕೂ ಕಿರಿದಾದರೆ ‘ಸಿ’. ‘ಸಿ’ ಕಿರಣಗಳು ವಾತಾವರಣದಲ್ಲಿಯೇ ಪೂರ್ತಿ ಹೀರಲ್ಪಡುತ್ತವೆ. ನೆಲಕ್ಕೆ ತಲಪುವುದರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ‘ಎ’, ಉಳಿದ ಸ್ವಲ್ಪ ಭಾಗ ‘ಬಿ’. ಆ ಸ್ವಲ್ಪದ ಪ್ರಭಾವವೇ ದೊಡ್ಡದು.

‘ಬಿ’ ಕಿರಣಗಳನ್ನು ತಡೆಯುವುದು ಓಝೋನ್. ನಮ್ಮ ದೇಶದಲ್ಲಿ ಕೊಡೈಕನಾಲಿನ ವೀಕ್ಷಣಾಲಯವು 1957ರಿಂದ ಅದನ್ನು ಅಳೆಯುತ್ತ ಬಂದಿದೆ. ದಕ್ಷಿಣ ಭಾರತದ ಮೇಲಿರುವ ಓಝೋನನ್ನೆಲ್ಲ ನೆಲದ ಮಟ್ಟಕ್ಕೆ ತಂದು ಒತ್ತಿ ಹಾಸಿದರೆ ಎರಡೂವರೆಯಿಂದ ಎರಡೂಮುಕ್ಕಾಲು ಮಿಲಿಮೀಟರಿನಷ್ಟು ದಪ್ಪವಾಗಬಹುದು, ಅಷ್ಟೆ. ಯೂರೋಪಿನ ಮೇಲೆ ಅದು ಮೂರು ಮಿಲಿಮೀಟರಿಗೂ ಮಿಕ್ಕಿರುತ್ತದೆ. ಇದಕ್ಕೆ ಧ್ರುವಪ್ರದೇಶದ ‘ಓಝೋನ್ ರಂಧ್ರ’ ಕಾರಣವಲ್ಲ. ಉಷ್ಣವಲಯದ ಹೊದಿಕೆ ಸ್ವಭಾವತಃ ತೆಳು. ಅದರ ಮೇಲೆ ಸೂರ್ಯನು ನಮ್ಮ ನೆತ್ತಿಗೆ ಹತ್ತಿರ. ಬೆಳಿಗ್ಗೆ ಸೂರ್ಯನು ದಿಗಂತದಿಂದ 15 ಅಂಶ ಮಾತ್ರ ಏರಿದ್ದಾಗ ಕಿರಣಗಳು ಓಝೋನಿನಲ್ಲಿ ಓರೆಯಾಗಿ ಬರಬೇಕಾಗಿ, ನೆತ್ತಿಯ ಸೂರ್ಯನಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ದಾರಿಯನ್ನು ಸವೆಸುತ್ತವೆ. ಆಗ ಬೆಳಕೂ ಬೆಚ್ಚನೆಯೂ ಇರುತ್ತವೆ, ‘ಬಿ’ ಕಿರಣಗಳು ಬಹುತೇಕ ಇರುವುದಿಲ್ಲ. ಬಿಸಿಲಿನ ಬಿಸಿಗೂ ನೇರಳಾತೀತಕ್ಕೂ ನಂಟಿಲ್ಲವೆಂಬುದನ್ನು ವಾಚಕರು ಇಲ್ಲಿ ನೆನಪಿನಲ್ಲಿಡಬೇಕು. ಬಿಸಿಯು ಮುಖ್ಯವಾಗಿ ಕಾಣುವ ಬೆಳಕಿನಿಂದಲೂ ರಕ್ತಾತೀತ ಕಿರಣಗಳಿಂದಲೂ ಬರುತ್ತದೆ. ಗಾಳಿ ತಂಪಾಗಿರುವ ಮಾಘಮಾಸದ ಮಧ್ಯಾಹ್ನದಲ್ಲಿಯೂ ನೇರಳಾತೀತವು ಬಲವಾಗಿ ಸುರಿಯುತ್ತಿರಬಹುದು.

ಇದನ್ನು ತಿಳಿಯಲು ಉಪಕರಣ ಬೇಕಿಲ್ಲ, ನೆರಳು ಸಾಕು. ನಮ್ಮ ನೆರಳು ನಮಗಿಂತ ಉದ್ದವಾಗಿದ್ದರೆ ‘ಬಿ’ ಕಿರಣಗಳು ಕಡಿಮೆ; ಗಿಡ್ಡವಾಗಿದ್ದರೆ ಜೋರು. ಡಿಸೆಂಬರ್ 21ರಂದು ವಿದ್ಯಾರ್ಥಿಗಳನ್ನು ಕಾಲೇಜಿನ ಅಂಗಳಕ್ಕೆ ಕರೆದು ಒಂದು ಮೀಟರ್ ಕೋಲನ್ನು ನಿಲ್ಲಿಸಿ ನೋಡುವುದು ನನ್ನ ಪದ್ಧತಿ. ವರ್ಷದಲ್ಲೆಲ್ಲ ಸೂರ್ಯನು ಅತ್ಯಂತ ತಗ್ಗಿನಲ್ಲಿರುವ ಆ ದಿನವೂ ಹನ್ನೆರಡೂವರೆಯ ಹೊತ್ತಿಗೆ ನೆರಳು 80 ಸೆಂಟಿಮೀಟರ್ ಮಾತ್ರ. ಅದೇ ದಿನ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಅದೇ ಕೋಲಿನ ಮಧ್ಯಾಹ್ನದ ನೆರಳು ಐದು ಮೀಟರಿಗೂ ಉದ್ದ. ಮೇ ತಿಂಗಳ ಮೊದಲ ದಿನಗಳಲ್ಲಿ ನಮ್ಮಲ್ಲಿ ಕೋಲಿಗೆ ನೆರಳೇ ಇರುವುದಿಲ್ಲ. ಸಂಕ್ರಾಂತಿಯಂದು ನೆರಳು ಗಿಡ್ಡವಾಗಿರುವ ಅವಧಿ ಸುಮಾರು ಹನ್ನೊಂದರಿಂದ ಎರಡೂವರೆಯವರೆಗೆ. ಏಪ್ರಿಲ್ ಕೊನೆಗೆ ಅದು ಒಂಬತ್ತೂವರೆಯಿಂದ ಮೂರೂವರೆಯವರೆಗೆ ಹಿಗ್ಗುತ್ತದೆ. ‘ಇಷ್ಟು ನಿಮಿಷ ಬಿಸಿಲು ಕಾಯಿಸಿರಿ’ ಎಂದು ಪರದೇಶದ ಪುಸ್ತಕಗಳಿಂದ ಎತ್ತಿ ಬರೆಯುವವರು ಈ ಐದು ಮೀಟರಿನ ನೆರಳನ್ನೊಮ್ಮೆ ಮನಸ್ಸಿಗೆ ತಂದುಕೊಂಡರೆ ಉಪಕಾರವಾದೀತು.

ಇನ್ನು ಚರ್ಮದೊಳಗೆ ನಡೆಯುವುದೇನು? ಚರ್ಮದ ಮೇಲ್ಪದರದಲ್ಲಿ ಕೊಂಬೆಗಳಂತೆ ಕೈಚಾಚಿದ ಒಂದು ಜಾತಿಯ ಜೀವಕೋಶಗಳಿವೆ. 1868ರಲ್ಲಿ ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪಾಲ್ ಲಾಂಗರ್‌ಹಾನ್ಸ್ ಅವನ್ನು ಕಂಡು ನರಕೋಶಗಳೆಂದು ತಿಳಿದನು. ವಾಸ್ತವದಲ್ಲಿ ಅವು ಪಹರೆಯವು. ಹೊರಗಿನಿಂದ ಬಂದ ಅನ್ಯವಸ್ತುವಿನ ಚೂರನ್ನು ಹಿಡಿದು ದುಗ್ಧಗ್ರಂಥಿಗೆ ಒಯ್ದು, ಅಲ್ಲಿರುವ ‘ಟಿ’ ಎಂಬ ಶ್ವೇತಕಣಗಳಿಗೆ ತೋರಿಸುವುದು ಅವುಗಳ ಕೆಲಸ. ‘ಬಿ’ ಕಿರಣಗಳು ಬಿದ್ದಾಗ ಇವುಗಳ ಸಂಖ್ಯೆ ಇಳಿಯುತ್ತದೆ; ಉಳಿದವು ತೋರಿಸುವ ರೀತಿಯೂ ಬದಲಾಗಿ, ‘ಹೊಡೆಯಿರಿ’ ಎನ್ನುವ ಬದಲು ‘ಇದನ್ನು ಸಹಿಸಿರಿ’ ಎಂಬ ಅರ್ಥ ಹುಟ್ಟುತ್ತದೆ. ಈ ಆಜ್ಞೆಯನ್ನು ಪಡೆದು ಬೆಳೆಯುವ ಕೆಲವು ‘ಟಿ’ ಕಣಗಳು ಉಳಿದವುಗಳನ್ನು ಹಿಡಿದು ನಿಲ್ಲಿಸುವ ನಿಯಂತ್ರಕಗಳಾಗುತ್ತವೆ.

ಕಿರಣವೆಂಬ ಭೌತವಸ್ತುವು ಆಜ್ಞೆಯೆಂಬ ಜೀವವ್ಯಾಪಾರವಾಗಿ ಮಾರ್ಪಡುವ ಬಗೆ ನನ್ನಂಥವನಿಗೆ ಎಲ್ಲಕ್ಕಿಂತ ಕುತೂಹಲದ್ದು. ಕಿರಣವನ್ನು ಹೀರಿಕೊಳ್ಳುವ ಅಣುವೊಂದಿಲ್ಲದೆ ಯಾವ ಪರಿಣಾಮವೂ ಆಗಲಾರದು. ಅಂಥ ಅಣುಗಳಲ್ಲಿ ಎರಡು ಮುಖ್ಯವಾದವು. ಒಂದು, ಜೀವಕೋಶದ ಡಿ.ಎನ್.ಎ. ಅದರ ಪಕ್ಕಪಕ್ಕದ ಘಟಕಗಳು ಕಿರಣದ ಹೊಡೆತಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಹಾನಿಯೇ ನಿರೋಧವನ್ನು ತಗ್ಗಿಸುವ ಸಂಕೇತಗಳನ್ನು ಹೊರಡಿಸುತ್ತದೆ. ಇನ್ನೊಂದು, ಚರ್ಮದ ಹೊರಪದರದಲ್ಲಿ ಹೇರಳವಾಗಿರುವ ಯೂರೊಕಾನಿಕ್ ಆಮ್ಲ. ಇದರ ಅಣುವು ಕಿರಣವನ್ನು ಹೀರಿ ತನ್ನ ನಡುವಿನ ಬಂಧದ ಸುತ್ತ ಮಗ್ಗುಲು ಬದಲಿಸುತ್ತದೆ. ನೆಟ್ಟಗೆ ಚಾಚಿದ್ದ ತೋಳನ್ನು ಮಡಚಿಕೊಂಡಂತೆ. ಹೀಗೆ ಮಡಿಚಿದ ರೂಪವು ನಿರೋಧವನ್ನು ಅಡಗಿಸಬಲ್ಲದೆಂದು ಡಿ ಫಾಬೊ ಮತ್ತು ನೂನನ್ ಎಂಬವರು 1983ರಲ್ಲಿ ಸೂಚಿಸಿದರು.

ಈ ಅಧ್ಯಯನಕ್ಕೆಲ್ಲ ತಳಹದಿಯಾದುದು 1970ರ ದಶಕದಲ್ಲಿ ಅಮೆರಿಕದ ಮಾರ್ಗರೆಟ್ ಕ್ರಿಪ್ಕಿಯವರು ಇಲಿಗಳ ಮೇಲೆ ನಡೆಸಿದ ಪ್ರಯೋಗ. ನೇರಳಾತೀತ ಕಿರಣಗಳಿಂದ ಇಲಿಯ ಚರ್ಮದಲ್ಲಿ ಹುಟ್ಟಿದ ಅರ್ಬುದದ ಗಡ್ಡೆಯನ್ನು ತೆಗೆದು ಅದೇ ವಂಶದ ಬೇರೊಂದು ಆರೋಗ್ಯವಂತ ಇಲಿಗೆ ಕಸಿಮಾಡಿದರೆ ಅದು ಬೆಳೆಯದೆ ಅಳಿದುಹೋಗುತ್ತಿತ್ತು. ಆ ಇಲಿಯ ಕಾವಲುಪಡೆ ಅದನ್ನು ಗುರುತಿಸಿ ನಾಶಮಾಡುತ್ತಿತ್ತು. ಹಾಗಾದರೆ ಗಡ್ಡೆ ಹುಟ್ಟಿದ ಇಲಿಯೇ ಅದನ್ನೇಕೆ ನಾಶಮಾಡಲಿಲ್ಲ? ಸ್ವಲ್ಪ ಕಾಲ ಮಾತ್ರ ಕಿರಣಕ್ಕೊಡ್ಡಿದ, ಇನ್ನೂ ಗಡ್ಡೆಯಿಲ್ಲದ ಇಲಿಗಳಿಗೆ ಕಸಿಮಾಡಿ ನೋಡಿದಾಗ ಗಡ್ಡೆಯು ತಡೆಯಿಲ್ಲದೆ ಬೆಳೆಯಿತು. ಕಿರಣಗಳು ಮಾಡುವುದು ಒಂದಲ್ಲ, ಎರಡು ಕೆಲಸ: ಗಡ್ಡೆಯನ್ನು ಹುಟ್ಟಿಸುತ್ತವೆ, ಅದನ್ನು ಹಿಡಿಯಬೇಕಾದ ಕಾವಲನ್ನೂ ಮಲಗಿಸುತ್ತವೆ. ಮುಂದೆ ಅಂಥ ಇಲಿಯ ಶ್ವೇತಕಣಗಳನ್ನು ಕಿರಣವನ್ನೇ ಕಾಣದ ಇಲಿಗೆ ಕೊಟ್ಟಾಗ ಅದೂ ಗಡ್ಡೆಯನ್ನು ಸಹಿಸಿಕೊಂಡಿತು.

ಮನುಷ್ಯನು ಇಲಿಯಲ್ಲವೆಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಕಸಿಮಾಡಿದ ಮೂತ್ರಪಿಂಡವನ್ನು ಉಳಿಸಿಕೊಳ್ಳಲು ನಿರೋಧವನ್ನು ಅಡಗಿಸುವ ಔಷಧ ಸೇವಿಸುವ ಬಿಳಿಯರಲ್ಲಿ ಬಿಸಿಲಿಗೆ ತೆರೆದ ಚರ್ಮದ ಅರ್ಬುದಗಳು ಹಲವು ಪಟ್ಟು ಹೆಚ್ಚುವುದುಂಟು. ತುಟಿಯ ಮೇಲಿನ ಹರ್ಪಿಸ್ ಗುಳ್ಳೆಗಳು ಕಡುಬಿಸಿಲಿನಲ್ಲಿ ತಿರುಗಿದ ಬಳಿಕ ಮರುಕಳಿಸುವುದನ್ನು ಬಲ್ಲವರು ನಮ್ಮಲ್ಲಿಯೂ ಇದ್ದಾರೆ. ಅಡಗಿದ್ದ ವೈರಸ್ಸಿಗೆ ಕಾವಲು ಸಡಿಲವಾದದ್ದು ತಿಳಿಯುತ್ತದೆ. ಇದನ್ನು ಕೇಳಿ ಬಿಸಿಲಿಗೆ ಹೋದವರಿಗೆಲ್ಲ ಲಸಿಕೆ ನಾಟುವುದಿಲ್ಲವೆಂದು ಹೆದರಬೇಕಾಗಿಲ್ಲ. ಹಾಲೆಂಡಿನಲ್ಲಿ ಸ್ವಯಂಸೇವಕರಿಗೆ ‘ಬಿ’ ಕಿರಣಗಳನ್ನು ಕೊಟ್ಟು ಆಮೇಲೆ ಕಾಮಾಲೆಯ ‘ಬಿ’ ಲಸಿಕೆ ಹಾಕಿದ ಪ್ರಯೋಗದಲ್ಲಿ, ಚರ್ಮದ ಪ್ರತಿಕ್ರಿಯೆ ಕುಗ್ಗಿದರೂ ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ಒಟ್ಟಿನಲ್ಲಿ ಕುಗ್ಗಲಿಲ್ಲ. ನಮ್ಮ ಕಂದು ಚರ್ಮದ ವರ್ಣದ್ರವ್ಯವೂ ದೊಡ್ಡ ಆಸರೆಯೇ. ಬಿಸಿಲಿನಿಂದಾಗುವ ಚರ್ಮದ ಅರ್ಬುದ ನಮ್ಮ ಜನರಲ್ಲಿ ಅಪರೂಪ. ಹುಟ್ಟಿನಿಂದಲೇ ವರ್ಣದ್ರವ್ಯವಿಲ್ಲದ ಮಕ್ಕಳಿಗೆ ಮಾತ್ರ ಈ ಆಸರೆಯಿಲ್ಲ. ಅವರನ್ನು ಮಧ್ಯಾಹ್ನದ ಆಟದ ಬಯಲಿಗೆ ಟೋಪಿಯಿಲ್ಲದೆ ಕಳಿಸುವ ಉಪಾಧ್ಯಾಯರನ್ನು ನಾನು ಕಂಡಿದ್ದೇನೆ.

ದೇಹವು ತನ್ನ ಕಾವಲನ್ನು ತಾನೇ ಸಡಿಲಿಸುವುದೇಕೆ ಎಂದು ಕೇಳಬಹುದು. ಬಿಸಿಲು ಚರ್ಮದ ಅಣುಗಳನ್ನು ದಿನವೂ ಒಡೆಯುತ್ತಿರುತ್ತದೆ. ಒಡೆದ ಪ್ರತಿಯೊಂದು ಅಣುವನ್ನೂ ಶತ್ರುವೆಂದು ಬಗೆದು ಯುದ್ಧ ಹೂಡಿದರೆ ಚರ್ಮ ಉಳಿಯುವುದೆಂತು? ಹಾಗೆ ಯುದ್ಧ ಹೂಡುವ ಚರ್ಮವೂ ಇದೆ. ಬೇಸಗೆ ಮೊದಲಾಗುವ ಹೊತ್ತಿಗೆ ಮುಂಗೈ, ಕತ್ತಿನ ಹಿಂಭಾಗಗಳಲ್ಲಿ ಸಾಸಿವೆಯಂಥ ತುರಿಕೆಯ ಗುಳ್ಳೆಗಳೆದ್ದು, ತಿಳಿಬಣ್ಣದ ಮಚ್ಚೆಗಳಾಗುವುದನ್ನು ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಲ್ಲಿ ಕಾಣಬಹುದು. ಇಂಥವರಲ್ಲಿ ನೇರಳಾತೀತವು ಕಾವಲನ್ನು ಸಾಕಷ್ಟು ತಣಿಸುವುದಿಲ್ಲವೆಂಬುದು ತಜ್ಞರ ಮತ. ಬಿಸಿಲು ದಿನದಿನಕ್ಕೆ ಅಭ್ಯಾಸವಾದಂತೆ ಗುಳ್ಳೆಗಳು ಅಡಗುವುದೂ ಉಂಟು. ನಮ್ಮ ಹಳ್ಳಿಗಳಲ್ಲಿ ಈ ಮಚ್ಚೆಯನ್ನು ಕಂಡೊಡನೆ ತೊನ್ನೆಂದೋ ಕುಷ್ಠವೆಂದೋ ಗುಟ್ಟಾಗಿ ಅಳುತ್ತಾರೆ. ಹೆಣ್ಣು ನೋಡಲು ಬರುವವರಿಗೆ ಕೈ ಕಾಣದಂತೆ ಸೆರಗು ಹೊದಿಸುತ್ತಾರೆ. ಮಚ್ಚೆಯಲ್ಲಿ ಸ್ಪರ್ಶಜ್ಞಾನ ಮಂದವಾಗಿದ್ದರೆ ಕುಷ್ಠದ ಸಂಶಯಕ್ಕೆ ಎಡೆಯಿದೆ, ಕೂಡಲೇ ಪರೀಕ್ಷೆಯಾಗಬೇಕು. ಅದಕ್ಕೂ ಪೂರ್ಣ ಗುಣವಾಗುವ ಔಷಧವಿದೆ. ಯಾವ ಮಚ್ಚೆಯನ್ನಾದರೂ ವೈದ್ಯರಿಗೆ ತೋರಿಸುವುದರಲ್ಲಿ ನಷ್ಟವಿಲ್ಲ, ಅಡಗಿಸುವುದರಲ್ಲಿದೆ.

ಕಾವಲನ್ನು ತಣಿಸುವ ಈ ಗುಣವನ್ನೇ ಔಷಧವಾಗಿ ಬಳಸುವುದೂ ಉಂಟು. ತೊನ್ನಿಗೆ ಬಾವಂಚಿಯ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಒಡ್ಡುವುದು ಆಯುರ್ವೇದದ ಹಳೆಯ ಕ್ರಮ. ಬೀಜದಲ್ಲಿರುವ ಸೊರಾಲೆನ್ ಎಂಬ ದ್ರವ್ಯ ‘ಎ’ ಕಿರಣಗಳನ್ನು ಹೀರಿ ಜೀವಕೋಶದ ಡಿ.ಎನ್.ಎ.ಗೆ ಅಂಟಿಕೊಳ್ಳುತ್ತದೆ. ಈಜಿಪ್ತಿನ ಎಲ್ ಮೊಫ್ತಿಯವರು 1940ರ ದಶಕದಲ್ಲಿ ಆ ದೇಶದ ಬೇರೊಂದು ಗಿಡದಿಂದ ತೆಗೆದ ಇಂಥದೇ ದ್ರವ್ಯವನ್ನು ತೊನ್ನಿಗೆ ಪ್ರಯೋಗಿಸಿದರು. 1974ರಲ್ಲಿ ಅಮೆರಿಕದ ವೈದ್ಯರು ಅದನ್ನೂ ‘ಎ’ ದೀಪಗಳನ್ನೂ ಸೇರಿಸಿ ಸೋರಿಯಾಸಿಸ್ಸಿಗೆ ಚಿಕಿತ್ಸೆ ಕೊಟ್ಟರು. ಇಂದು ಚರ್ಮವೈದ್ಯರು ಹೆಚ್ಚಾಗಿ ಬಳಸುವುದು 311 ನ್ಯಾನೊಮೀಟರಿನ ಆಸುಪಾಸಿನ ‘ಬಿ’ ಕಿರಣದ ದೀಪವನ್ನು. ನಮ್ಮ ಹಿರಿಯರ ಕಲ್ಪನೆ ಸರಿಯಾದುದೇ ಆಗಿತ್ತೆಂದು ಹೆಮ್ಮೆಪಡಬಹುದು. ಆದರೆ ಅಳತೆಯೆಂಬುದೊಂದಿದೆ. ನಮ್ಮ ನೆಂಟರ ಪೈಕಿ ಒಬ್ಬ ಹುಡುಗಿ ಯಾರದೋ ಮಾತು ಕೇಳಿ ಬಾವಂಚಿಯ ಲೇಪವನ್ನು ಕಾಲಿಗೆ ಬಳಿದುಕೊಂಡು ಏಪ್ರಿಲ್ ತಿಂಗಳ ಮಧ್ಯಾಹ್ನ ಮಾಳಿಗೆಯ ಮೇಲೆ ಕುಳಿತಳು. ಮರುದಿನ ಕಾಲ ತುಂಬ ಬೊಬ್ಬೆಗಳು. ವೈದ್ಯರು ದೀಪದ ಕಿರಣವನ್ನು ಅಳೆದು ಕೊಡುತ್ತಾರೆ, ಆಕಾಶದ ಸೂರ್ಯನು ಅಳೆದು ಕೊಡುವುದಿಲ್ಲ.

ಈಗ ಕ್ಷಯದ ಮಾತಿಗೆ ಬರುತ್ತೇನೆ. ದೊಡ್ಡಪ್ಪನವರ ನಂಬಿಕೆ ಬುಡವಿಲ್ಲದ್ದೇನೂ ಅಲ್ಲ, ಅದಕ್ಕೊಂದು ಗೌರವದ ಇತಿಹಾಸವಿದೆ. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯವನ್ನು ಇಂಗಾಲದ ಚಾಪದೀಪದ ಬೆಳಕಿನಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಅವರ ಮಸೂರಗಳನ್ನು ಡೆನ್ಮಾರ್ಕಿನವರೇ 2005ರಲ್ಲಿ ಮತ್ತೆ ಪರೀಕ್ಷಿಸಿದಾಗ, ಅವು 340 ನ್ಯಾನೊಮೀಟರಿಗಿಂತ ಕಿರಿದಾದ ಕಿರಣಗಳನ್ನು ಒಳಗೆ ಬಿಟ್ಟೇ ಇರಲಿಲ್ಲವೆಂದು ತಿಳಿಯಿತು. ಗುಣವಾದದ್ದು ನಿಜ, ಗುಣಮಾಡಿದ್ದು ‘ಬಿ’ ಕಿರಣವಲ್ಲ! ಸ್ವಿಜರ್ಲೆಂಡಿನ ರೋಲಿಯೆ ಎಂಬ ವೈದ್ಯರು ಬೆಟ್ಟದ ಮೇಲೆ ರೋಗಿಗಳನ್ನು ಬಿಸಿಲಿನಲ್ಲಿ ಮಲಗಿಸುವ ಚಿಕಿತ್ಸಾಲಯ ತೆರೆದುದೂ 1903ರಲ್ಲಿಯೇ. ಅಲ್ಲಿಂದ ಮುಂದೆ ಜಗತ್ತಿನಲ್ಲೆಲ್ಲ ಗಾಳಿ, ಬೆಳಕು, ಪಥ್ಯ, ವಿಶ್ರಾಂತಿಗಳ ಆರೋಗ್ಯಧಾಮಗಳು ಎದ್ದವು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿನಲ್ಲಿ ಕಟ್ಟಿದ ಕ್ಷಯರೋಗದ ಆಸ್ಪತ್ರೆ ಅಂಥದೇ.

ಔಷಧವು ದೊರೆತ ಮೇಲೆ ಈ ಗಾಳಿ ಬೆಳಕುಗಳ ಬೆಲೆಯೆಷ್ಟು? ಇದನ್ನು ಜಗತ್ತಿಗೆ ತಿಳಿಸಿದ್ದು ನಮ್ಮ ನೆರೆಯ ಮದರಾಸು. ಅಲ್ಲಿಯ ಕ್ಷಯ ಸಂಶೋಧನ ಕೇಂದ್ರವು 193 ಮಂದಿ ಬಡರೋಗಿಗಳನ್ನು ಆಯ್ದು, ಕೆಲವರಿಗೆ ಆರೋಗ್ಯಧಾಮದಲ್ಲಿಯೂ ಉಳಿದವರಿಗೆ ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಒಂದೇ ಔಷಧವನ್ನು ಒಂದು ವರ್ಷ ಕೊಟ್ಟಿತು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಳ್ಳೆಯ ಊಟ, ಹಾಸಿಗೆ, ಗಾಳಿಯಿದ್ದವರೂ ಗುಡಿಸಲಿನಲ್ಲಿದ್ದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣಹೊಂದಿದ್ದರು. ಗುಣಮಾಡಿದ್ದು ಗುಳಿಗೆ. ಆ ಮೇಲೆಯೇ ಲೋಕದಲ್ಲೆಲ್ಲ ಕ್ಷಯಕ್ಕೆ ಮನೆಯಲ್ಲಿಯೇ ಚಿಕಿತ್ಸೆ ಕೊಡುವ ಪದ್ಧತಿ ಹರಡಿತು.

‘ಡಿ’ ಜೀವಸತ್ತ್ವದ ವಾದವನ್ನೂ ನೋಡೋಣ. ‘ಬಿ’ ಕಿರಣವು ಚರ್ಮದಲ್ಲಿ ಈ ಸತ್ತ್ವವನ್ನು ತಯಾರಿಸುತ್ತದೆ. ಶ್ವೇತಕಣಗಳು ಅದನ್ನು ಬಳಸಿಕೊಂಡು ಕ್ಷಯಾಣುವನ್ನು ಕೊಲ್ಲುವ ಒಂದು ಪ್ರೋಟೀನನ್ನು ಹುಟ್ಟಿಸುತ್ತವೆಂದು 2006ರಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಿದ್ದಾರೆ. ಕೇಳಿದಾಗ ಆಸೆ ಹುಟ್ಟುವುದು ಸಹಜ. ಆದರೆ ಗಾಜಿನ ಬಟ್ಟಲಿನಿಂದ ಮನುಷ್ಯನವರೆಗಿನ ದಾರಿ ದೂರ. ಔಷಧದ ಜೊತೆಗೆ ಈ ಸತ್ತ್ವವನ್ನೂ ಕೊಟ್ಟು ಭಾರತದಲ್ಲಿ ನಡೆಸಿದ ಪರೀಕ್ಷೆ 2015ರಲ್ಲಿ ಪ್ರಕಟವಾಯಿತು. ಕಫದಿಂದ ಕ್ಷಯಾಣುಗಳು ಮಾಯವಾಗುವುದೇನೂ ಬೇಗನಾಗಲಿಲ್ಲ. ಮಂಗೋಲಿಯದಲ್ಲಿ ಎಂಟು ಸಾವಿರಕ್ಕೂ ಮೀರಿದ ಶಾಲಾಮಕ್ಕಳಿಗೆ ಮೂರು ವರ್ಷ ಕೊಟ್ಟು ನೋಡಿದ ಪರೀಕ್ಷೆ 2020ರಲ್ಲಿ ಮುಗಿಯಿತು. ಸೋಂಕು ತಗಲುವುದು ತಪ್ಪಲಿಲ್ಲ. ಎಲುಬಿಗೆ ಈ ಸತ್ತ್ವ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಅದು ಬೇಕೆಂದು ಬಿಸಿಲು ಕಾಯುವವರಿಗೂ ಒಂದು ಮಾತು. ತಿರುಪತಿಯಲ್ಲಿ ಸತ್ತ್ವದ ಮೂಲದ್ರವ್ಯವನ್ನು ಸಣ್ಣ ಶೀಶೆಗಳಲ್ಲಿ ತುಂಬಿ ತಾಸುತಾಸಿಗೂ ಬಿಸಿಲಿಗಿಟ್ಟು ಪರೀಕ್ಷಿಸಿದಾಗ, ಅದು ಚೆನ್ನಾಗಿ ಮಾರ್ಪಟ್ಟದ್ದು ಹನ್ನೊಂದರಿಂದ ಎರಡರವರೆಗೆ. ಎಳೆಬಿಸಿಲಿಗೆ ಎಣ್ಣೆ ಹಚ್ಚಿದ ಕೂಸನ್ನು ಹಿಡಿಯುವುದು ಹಿತವಾದ ಪದ್ಧತಿ. ‘ಡಿ’ ಸತ್ತ್ವದ ಮಟ್ಟಿಗೆ ಅದರಿಂದ ಬರುವುದು ಅಲ್ಪ. ಕಿಟಕಿಯ ಗಾಜಿನ ಹಿಂದಿನ ಬಿಸಿಲಿನಿಂದ ಬರುವುದು ಏನೂ ಇಲ್ಲ, ಏಕೆಂದರೆ ಗಾಜು ‘ಬಿ’ ಕಿರಣವನ್ನು ಬಿಡದು.

ಇಷ್ಟೆಲ್ಲ ಬರೆದ ಮೇಲೂ ನನ್ನನ್ನು ಕಾಡುವುದು ಬೇರೊಂದು ಸಂಗತಿ. ಬಿಸಿಲು ಎಷ್ಟು ಬೇಕು, ಎಷ್ಟು ಬೇಡ ಎಂಬ ಚರ್ಚೆಯೆಲ್ಲ ಬಿಸಿಲನ್ನು ಆರಿಸಿಕೊಳ್ಳಬಲ್ಲವರದು. ಶಿರಗುಪ್ಪಿಯ ಎರೆಹೊಲದಲ್ಲಿ ಮರವೇ ಅಪರೂಪ. ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹರಿಯುವವರು, ಕಡಲೆ ಕೀಳುವವರು ನೆರಳು ಗಿಡ್ಡವಾಗಿರುವ ಹೊತ್ತನ್ನೆಲ್ಲ ಅಲ್ಲಿಯೇ ಕಳೆಯುತ್ತಾರೆ. ಹಿಂಗಾರಿಯ ಸುಗ್ಗಿ ತಂಪು ದಿನಗಳಲ್ಲಿ ಬರುವುದರಿಂದ ಬಿಸಿಲು ಮೈಗೆ ತಾಕಿದ್ದೂ ತಿಳಿಯುವುದಿಲ್ಲ. ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆಗಳ ಸರಕಾರಿ ಕಚೇರಿಗಳಿಗೆ ಎಷ್ಟೋ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗಿನ ವೇಳೆಯನ್ನು ಗೊತ್ತುಮಾಡಿದ್ದಾರೆ. ಒಳ್ಳೆಯದೇ. ಆದರೆ ಸೂರಿನ ಕೆಳಗೆ ಕುಳಿತವರಿಗೆ ಬದಲಾದ ವೇಳೆ, ಸೂರೇ ಇಲ್ಲದವರಿಗೂ ಸಲ್ಲಬೇಡವೇ? ಕೂಲಿಯ ವೇಳೆಯನ್ನು ಬೆಳಿಗ್ಗೆ ಬೇಗ ಆರಂಭಿಸಿ ನಡುಹೊತ್ತಿನಲ್ಲಿ ಎರಡು ತಾಸು ಬಿಡುವು ಕೊಟ್ಟರೆ ಹೊಲದ ಒಡೆಯನಿಗೆ ಆಗುವ ನಷ್ಟ ದೊಡ್ಡದಲ್ಲವೆಂದು ನನ್ನ ಎಣಿಕೆ. ಬದುವಿನ ಮೇಲೆ ಬೇವಿನ ಸಸಿಯೊಂದನ್ನು ನೆಡುವುದಕ್ಕೂ ವಿಜ್ಞಾನಿಗಳ ಅಪ್ಪಣೆ ಬೇಕಾಗಿಲ್ಲ.

ಅಲ್ಲಿಯವರೆಗೆ ನಮ್ಮ ಹೆಣ್ಣುಮಕ್ಕಳು ತಾವೇ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ದಪ್ಪ ಅರಿವೆ ಸುತ್ತಿ ಹತ್ತಿ ಬಿಡಿಸಲು ಹೋಗುತ್ತಾರೆ. ಮುಳ್ಳು, ಧೂಳುಗಳಿಗಾಗಿ ತೊಟ್ಟ ಆ ಅಂಗಿ ನೇರಳಾತೀತವನ್ನೂ ಚೆನ್ನಾಗಿ ತಡೆಯುತ್ತದೆ. ಒತ್ತಾಗಿ ನೆಯ್ದ ಬಟ್ಟೆಯ ಎಳೆಗಳ ಸಂದಿನಿಂದ ತೂರುವ ಕಿರಣ ಬಹಳ ಕಡಿಮೆ. ಪತ್ರಿಕೆಗಳ ಜಾಹೀರಾತಿನಲ್ಲಿ ಬರುವ ಬೆಲೆಬಾಳುವ ಲೇಪಗಳನ್ನು ಬಳಸಬಾರದೆಂದು ನಾನು ಹೇಳೆನು, ಆದರೆ ಬೆವರಿಗೆ ತೊಳೆದುಹೋಗದ ಲೇಪ ಈ ಅಂಗಿಯೇ.

ದೊಡ್ಡಪ್ಪನವರಿಗೆ ಇಷ್ಟೆಲ್ಲ ಹೇಳಲಿಲ್ಲ. ಅಂಗಳದಲ್ಲಿ ಕೋಲು ನೆಟ್ಟು ಅದರ ಉದ್ದನೆಯ ನೆರಳನ್ನು ತೋರಿಸಿ, “ನೀವು ಕಾಯೂ ಬಿಸಲಾಗ ಬಿಸಿ ಅದ, ಆ ಕಿರಣನ ಇಲ್ಲ ದೊಡ್ಡಪ್ಪ” ಎಂದೆ. ಮದರಾಸಿನ ರೋಗಿಗಳ ಕಥೆಯನ್ನು ಮಾತ್ರ ವಿಸ್ತಾರವಾಗಿ ಹೇಳಿದೆ. ಅದು ಅವರಿಗೆ ನಾಟಿತು. ಆ ಮಧ್ಯಾಹ್ನವೇ ಆರೋಗ್ಯ ಕೇಂದ್ರಕ್ಕೆ ಹೋದೆವು. ನಡುವೆ ಬಿಟ್ಟ ಗುಳಿಗೆ ಕ್ಷಯಾಣುವಿಗೆ ಔಷಧವನ್ನು ಎದುರಿಸುವ ಪಾಠ ಕಲಿಸಬಹುದೆಂದು ವೈದ್ಯರು ಗದರಿಸಿ, ಕಫವನ್ನು ಮತ್ತೆ ಪರೀಕ್ಷೆಗೆ ಕಳಿಸಿ, ಚಿಕಿತ್ಸೆಯನ್ನು ಮುಂದುವರಿಸಿದರು. ಅವರು ಈಗಲೂ ಬೆಳಿಗ್ಗೆ ಕಟ್ಟೆಯ ಮೇಲೆ ಕೂಡುತ್ತಾರೆ. ಗುಳಿಗೆಯ ಹಾಳೆ ಪಕ್ಕದಲ್ಲಿರುತ್ತದೆ. ಅದನ್ನು ಬಿಸಿಲಿಗೆ ಇಡಬಾರದೆಂದು ದೊಡ್ಡಮ್ಮನವರು ದಿನವೂ ಒಳಗೆ ಎತ್ತಿಡುತ್ತಾರೆ.